ಕಷ್ಟವೇ ಇರುವುದಾದರೆ ದೇವರು ಈ ಲೋಕ ಮಾಡಿದ್ದಾದರೂ ಯಾಕೆ?

ಗೇರುಗುಡ್ಡೆ

ಪ್ರಶ್ನೆ ಹಳೆಯದು, ಗೊತ್ತು. ಆದರೂ ಕೇಳುತ್ತಿದ್ದೇನೆ. ಪುಸ್ತಕದ ಉತ್ತರ ಇದ್ದವರು ಪುಸ್ತಕದ್ದೇ ಹೇಳಿ, ಬೇಜಾರಿಲ್ಲ.

ನಮ್ಮದು ಬೆಳ್ತಂಗಡಿ ತಾಲೂಕು, ಕೊಕ್ಕಡದ ಹತ್ತಿರ. ಸುತ್ತ ಗುಡ್ಡದ ಮೇಲೆ ಸರ್ಕಾರದ ಗೇರು ತೋಟ. ಗೇರು ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ಬಂದು ಚಿಗುರು, ಹೂವು ಎಲ್ಲ ಕರಟಿಸಿ ಹಾಕುತ್ತದೆ. ಅದಕ್ಕೆಂದು 1980ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದರು. ಗಡಿಯಾಚೆ ಕಾಸರಗೋಡಿನ ಪಡ್ರೆ, ಸ್ವರ್ಗ, ಎಣ್ಮಕಜೆ ಕಡೆ ಅದಕ್ಕೂ ಮೊದಲೇ, 1970ರ ದಶಕದಲ್ಲೇ ಶುರುವಾಗಿತ್ತು. ಮಕ್ಕಳೆಲ್ಲ ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದರಂತೆ.

ನನ್ನ ದೊಡ್ಡಮ್ಮನ ಮಗ ಹುಟ್ಟಿದ್ದು ಆ ಕಾಲದಲ್ಲಿ. ನನಗಿಂತ ದೊಡ್ಡವನು. ಕುತ್ತಿಗೆ ನಿಲ್ಲುವುದಿಲ್ಲ, ಮಾತಿಲ್ಲ. ದೊಡ್ಡಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾರೆ. ಅವನ ತಲೆಯನ್ನು ಎಡಗೈ ಮಡಚಿನಲ್ಲಿ ಇಟ್ಟುಕೊಂಡು, ಕಿವುಚಿದ ಗಂಜಿಯನ್ನು ಚಮಚದ ತುದಿಯಲ್ಲಿ ಕೊಡುತ್ತಾರೆ. ಗಂಟಲಲ್ಲಿ ಇಳಿಯಿತಾ ಅಂತ ಬೆರಳಿಟ್ಟು ನೋಡಿ ಆಮೇಲೆ ಮುಂದಿನ ಚಮಚ.

ಮೊದಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಒಬ್ಬರು ನಾಗದೋಷ ಅಂದರು, ಆಶ್ಲೇಷ ಬಲಿ ಆಯಿತು. ಇನ್ನೊಬ್ಬರು ಕುಟುಂಬದ ದೈವಕ್ಕೆ ಅಪಚಾರ ಆಗಿದೆ ಅಂದರು, ಕೋಲ ಕೊಟ್ಟಾಯಿತು. ಕಿವಿಯ ಓಲೆ ಬ್ಯಾಂಕಿಗೆ ಹೋಯಿತು. ಅಷ್ಟೂ ವರ್ಷ ದೊಡ್ಡಮ್ಮ ದೇವರನ್ನು ಒಂದು ಮಾತು ಕೇಳಲಿಲ್ಲ. ತಪ್ಪು ನಮ್ಮದು, ಶಿಕ್ಷೆ ದೇವರದು, ಲೆಕ್ಕ ಸರಿ ಇತ್ತು. ಆಮೇಲೆ ಆರೋಗ್ಯ ಇಲಾಖೆಯವರು ಬಂದು ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಸೇರಿಸಿದರು. ಇದು ಮದ್ದು ಬಿಟ್ಟದ್ದರಿಂದ ಇರಬೇಕು, ನಿಮ್ಮ ತಪ್ಪಲ್ಲ ಅಂದರು. ಸಮಾಧಾನ ಆಗಬೇಕಿತ್ತು ಅಲ್ವಾ? ಅವರ ಪ್ರಶ್ನೆ ಶುರುವಾದದ್ದೇ ಆವತ್ತಿನಿಂದ. "ನನ್ನದು ಏನೂ ತಪ್ಪಿಲ್ಲ ಅಂತಾದರೆ ಮತ್ತೆ ದೇವರು ಯಾಕೆ ನೋಡುತ್ತಾ ಕೂತ?"

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಇಂಥ ಲೋಕ ಮಾಡುವ ಬದಲು ಮಾಡದೇ ಇದ್ದಿದ್ದರೆ ಯಾರಿಗೆ ನಷ್ಟ ಆಗುತ್ತಿತ್ತು?

ಉಡುಪಿ ಮೇಷ್ಟ್ರು

ನಿಮ್ಮ ದೊಡ್ಡಮ್ಮ ಕೇಳಿದ್ದನ್ನೇ ಬ್ರಹ್ಮಸೂತ್ರವೂ ಕೇಳಿಕೊಂಡಿದೆ. ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ "ವೈಷಮ್ಯನೈರ್ಘೃಣ್ಯೇ ನ" ಅಂತ ಶುರುವಾಗುವ ಸೂತ್ರ ಇದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಟ್ಟರೆ ದೇವರು ಪಕ್ಷಪಾತಿ ಆದ, ಕರುಣೆ ಇಲ್ಲದವನಾದ ಎಂಬ ದೂರು. ಸೂತ್ರದ ಉತ್ತರ: ಹಾಗಲ್ಲ, ಅವನು ಜೀವರ ಕರ್ಮ ನೋಡಿಕೊಂಡೇ ಕೊಡುತ್ತಾನೆ. ಶಂಕರರು ಇಲ್ಲಿ ಮಳೆಯ ಮಾತು ತರುತ್ತಾರೆ. ಮಳೆ ಎಲ್ಲದಕ್ಕೂ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬರುವುದು ಬೀಜದಿಂದ.

ಹಾಗಾದರೆ ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು? ಅದನ್ನೂ ಮುಂದಿನ ಸೂತ್ರ ಕೇಳಿಕೊಳ್ಳುತ್ತದೆ. ಮೊದಲು ಎಂಬುದೇ ಇಲ್ಲ, ಸಂಸಾರ ಅನಾದಿ ಅನ್ನುತ್ತದೆ.

ಮಧ್ವಾಚಾರ್ಯರಲ್ಲಿ ಇನ್ನೊಂದು ವಿಷಯ ಇದೆ, ಜನ ಅದನ್ನು ಮರೆಯುತ್ತಾರೆ. ದೇವರು ಜೀವರನ್ನು ಏನೂ ಇಲ್ಲದ್ದರಿಂದ ಹುಟ್ಟಿಸಿದ್ದಲ್ಲ. ಜೀವರೂ ಅನಾದಿ, ಆದರೆ ಅವನ ಅಧೀನ. ಒಬ್ಬೊಬ್ಬರ ಸ್ವಭಾವ ಒಂದೊಂದು. ಸೃಷ್ಟಿ ಅಂದರೆ ಆ ಸ್ವಭಾವ ಹೊರಗೆ ಬರಲು ಒಂದು ದೇಹ, ಒಂದು ಲೋಕ ಒದಗಿಸುವುದು. ಹಾಗಾಗಿ "ಮಾಡದೇ ಇದ್ದಿದ್ದರೆ" ಎಂಬ ಪ್ರಶ್ನೆ ನಮ್ಮಲ್ಲಿ ಅಷ್ಟು ಚೂಪಾಗಿ ತಾಗುವುದಿಲ್ಲ. ಲೋಕ ಮಾಡದಿದ್ದರೂ ಜೀವರು ಇದ್ದೇ ಇರುತ್ತಿದ್ದರು. ಬಿಡುಗಡೆಯ ದಾರಿ ಮಾತ್ರ ಇರುತ್ತಿರಲಿಲ್ಲ.

ಎಡವಟ್ಟು

ಮೇಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಆ ಹೆಲಿಕಾಪ್ಟರಿನಿಂದ ಬಿದ್ದದ್ದು ಯಾರ ಕರ್ಮ? ಗುಡ್ಡದ ಬುಡದಲ್ಲಿ ಮನೆ ಇದ್ದವರೆಲ್ಲ ಹಿಂದಿನ ಜನ್ಮದಲ್ಲಿ ಒಟ್ಟು ಸೇರಿ ಪಾಪ ಮಾಡಿದ್ದರಾ? ಮದ್ದು ಬಿಡಿ ಅಂತ ಕಾಗದಕ್ಕೆ ಸಹಿ ಹಾಕಿದವರೆಲ್ಲ ಒಟ್ಟು ಸೇರಿ ಪುಣ್ಯ ಮಾಡಿದ್ದರಾ?

ದೇವರು ಇಲ್ಲ ಅಂದುಕೊಳ್ಳಿ, ಪ್ರಶ್ನೆ ಮುಗಿಯಿತು. ಟೀ ಸೊಳ್ಳೆ ಇತ್ತು, ಮದ್ದು ಇತ್ತು, ಕೆಳಗೆ ಜನ ಇದ್ದಾರೆ ಅನ್ನುವ ನೆನಪು ಮಾತ್ರ ಇರಲಿಲ್ಲ.

ಗೇರುಗುಡ್ಡೆ

ನಿಮಗೆ ಮುಗಿಯಬಹುದು. ದೊಡ್ಡಮ್ಮನಿಗೆ ಮುಗಿಯುವುದಿಲ್ಲ. ಬೈಯುವುದಕ್ಕಾದರೂ ಅವರಿಗೆ ಒಬ್ಬ ಬೇಕು.

ಕುಂದಾಪ್ರದ ನರ್ಸ್

ನಾನು ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವವಳು. "ನನ್ನ ಕರ್ಮ" ಎಂಬ ಮಾತು ದಿನಾ ಕಿವಿಗೆ ಬೀಳುತ್ತದೆ. ಕ್ಯಾನ್ಸರ್ ಆದ ಅಜ್ಜಿ ತಾನಾಗಿ ಹೇಳಿದರೆ ಅದರಲ್ಲಿ ಒಂದು ಗಟ್ಟಿತನ ಇರುತ್ತದೆ. "ಪಡೆದುಕೊಂಡು ಬಂದದ್ದು ಮಗಾ, ಇಲ್ಲೇ ತೀರಿಸಿ ಹೋಗುತ್ತೇನೆ" ಅನ್ನುತ್ತಾರೆ. ಬ್ಯಾಂಡೇಜ್ ಬದಲಿಸುವಾಗ ಹಲ್ಲು ಕಚ್ಚಿ ಸುಮ್ಮನಿರುವುದಕ್ಕೆ ಆ ಮಾತೇ ಅವರಿಗೆ ಆಧಾರ. ಅದೇ ಮಾತನ್ನು ಬಾಗಿಲಲ್ಲಿ ನಿಂತ ನೆಂಟರು ಹೇಳಿದಾಗ ಅಜ್ಜಿ ಮುಖ ಗೋಡೆಯ ಕಡೆ ತಿರುಗಿಸಿದ್ದನ್ನೂ ನೋಡಿದ್ದೇನೆ.

ನನ್ನ ಕರ್ಮ ಅಂತ ನಾನು ಅನ್ನಬಹುದು. ನಿನ್ನ ಕರ್ಮ ಅಂತ ನಾನು ಅನ್ನುವ ಹಾಗಿಲ್ಲ. ಮೇಷ್ಟ್ರ ಸೂತ್ರದ ಬಗ್ಗೆ ನನ್ನ ತಕರಾರು ಇಷ್ಟೇ. ಅದು ಯಾರ ಬಾಯಿಂದ, ಯಾರ ಎದುರಿಗೆ ಬರುತ್ತದೆ ಎಂಬುದರ ಮೇಲೆ ಅದು ಧೈರ್ಯವೋ ಕ್ರೌರ್ಯವೋ ಅಂತ ತೀರ್ಮಾನ ಆಗುತ್ತದೆ.

ಪಡ್ರೆಯವ

ಗಡಿಯಾಚೆ ಅಂದಿರಲ್ಲ, ಆ ಆಚೆಯವನು ನಾನು. ನಮ್ಮಲ್ಲಿ ಇದನ್ನು ಜಟಾಧಾರಿ ದೈವದ ಮುನಿಸು ಅಂತ ನಂಬಿದ್ದರು. ಆಮೇಲೆ ಬಂದವರಲ್ಲಿ ಕೆಲವರು "ಮೂಢನಂಬಿಕೆ" ಅಂತ ಬರೆದುಕೊಂಡು ಹೋದರು. ಸ್ವಲ್ಪ ಸಿಟ್ಟು ಬರುತ್ತದೆ ಮಾರಾಯ್ರೇ, ಅದಕ್ಕೇ ಈ ಉದ್ದದ ಬರಹ.

ನಮ್ಮ ಕಡೆ ಬಾವಿಗಿಂತ ಸುರಂಗ ಜಾಸ್ತಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗುವುದು. ಒಳಗೆ ಎಲ್ಲೋ ನೀರು ಒಸರುತ್ತದೆ. ಅದು ಅಡಕೆ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬರುತ್ತದೆ. ಬೇಸಿಗೆಯಲ್ಲೂ ತಣ್ಣಗೆ, ಕಣ್ಣೀರಿನಷ್ಟು ತಿಳಿ. ಆ ನೀರಲ್ಲಿ ವಿಷ ಇದೆ ಅಂತ ಯಾರಿಗೆ ಅನಿಸುತ್ತದೆ? ಮೇಲೆ ಅದೇ ಗುಡ್ಡದ ನೆತ್ತಿಯಲ್ಲಿ ಗೇರು ತೋಟ, ವರ್ಷಕ್ಕೆ ಎರಡು ಮೂರು ಸಲ ಮದ್ದು. ನೀರಿನ ಮೂಲ ಮುಚ್ಚಿಡಿ ಅನ್ನುವ ನಿಯಮ ಇತ್ತಂತೆ. ಬಾವಿ ಮುಚ್ಚಬಹುದು, ಹರಿಯುವ ತೋಡು ಮುಚ್ಚುವುದು ಹೇಗೆ?

ಒಂದು ಮನೆಯಲ್ಲಿ ಮಗು ಸರಿ ಇಲ್ಲ, ಪಕ್ಕದ ಮನೆಯಲ್ಲಿ ಸರಿ ಇದೆ. ಒಬ್ಬರಿಗೆ ಅಪಸ್ಮಾರ, ಇನ್ನೊಬ್ಬರಿಗೆ ಚರ್ಮರೋಗ. ಇದಕ್ಕೆಲ್ಲ ಒಂದೇ ಕಾರಣ ಇರಬಹುದು ಅಂತ ಊಹಿಸಿದ ಮೊದಲಿಗರೇ ಆ ಜಟಾಧಾರಿಯ ಭಕ್ತರು. ಕಾರಣ ಯಾವುದು ಅನ್ನುವುದರಲ್ಲಿ ಎಡವಿದರು, ಅಷ್ಟೇ. ನಮ್ಮ ಊರಿನ ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದರು. ಡಾ. ಮೋಹನ ಕುಮಾರ್ ತಮ್ಮ ರೋಗಿಗಳ ಪೈಕಿ ಒಂದೇ ತೋಡಿನ ಬದಿಯವರು ಇಷ್ಟೊಂದು ಯಾಕೆ ಅಂತ ಕೇಳಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿಯಮ್ಮ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು 2011ರ ಮೇ 13ರಂದು. ಕರುಗಳ ಸುದ್ದಿ ಬಂದು ಅಷ್ಟರಲ್ಲಿ ಒಂದು ತಲೆಮಾರೇ ದೊಡ್ಡದಾಗಿತ್ತು.

ಎಲ್ಲ ಕಾಯಿಲೆಯೂ ಅದರಿಂದಲೇ ಬಂತಾ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳ ಇದೆ, ಅದನ್ನೂ ಹೇಳಿಬಿಡುತ್ತೇನೆ.

ದೈವದ ಮೇಲೆ ಹಾಕಿದ್ದರಿಂದ ಗೇರು ತೋಟದ ನಿಗಮಗಳಿಗೆ ಅನುಕೂಲ ಆಯಿತು, ನಿಜ. ದೇವರು ಯಾಕೆ ಮಾಡಿದ ಅಂತ ಕೇಳುವ ಮೊದಲು ದೇವರೇ ಮಾಡಿದ್ದಾ ಅಂತ ಒಮ್ಮೆ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಾಗರ ಸೀಮೆ

ಪಡ್ರೆಯವರೇ, ನೀವು ಅಪರಾಧಿ ಸಿಕ್ಕ ಕತೆ ಹೇಳಿದಿರಿ. ಸಿಗದೇ ಹೋದರೆ?

ನಮ್ಮ ಸಾಗರ ತಾಲೂಕಿನಲ್ಲಿ ಹಂದಿಗೋಡು ಅಂತ ಊರಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಒಂದು ಕಾಯಿಲೆ ಹೊರಗೆ ಗೊತ್ತಾಯಿತು. ಸೊಂಟ, ಮಂಡಿ ನೋವಿನಿಂದ ಶುರು. ಕೆಲವರಿಗೆ ಎತ್ತರವೇ ಬರುವುದಿಲ್ಲ. ಕೆಲವರು ನಡೆಯುತ್ತಾ ನಡೆಯುತ್ತಾ ಬಾಗಿ, ಕೊನೆಗೆ ಕೈ ಊರಿ ತೆವಳುವ ಹಾಗಾಗುತ್ತದೆ. ಕಾಯಿಲೆಗೆ ಊರಿನ ಹೆಸರೇ ಬಿತ್ತು. ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ, ಚಾನಗಿ ಮತ್ತು ಛಲವಾದಿ ಸಮುದಾಯಗಳಲ್ಲಿ. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರಿನ ಬೇರೆ ಊರುಗಳಲ್ಲೂ ಸಿಕ್ಕಿತು.

ಮೊದಲು ಬಂದ ಅನುಮಾನ ಏನು ಗೊತ್ತಾ? ಗದ್ದೆಗೆ ಹೊಡೆದ ಕೀಟನಾಶಕ. ಆ ಗದ್ದೆಯ ಏಡಿ ತಿಂದಿದ್ದರಿಂದ ಬಂತು ಅಂದರು. ವರ್ಷಗಟ್ಟಲೆ ಪರೀಕ್ಷೆ ಆದ ಮೇಲೆ ಇದು ವಂಶವಾಹಿಯಿಂದ ಬರುವ ಮೂಳೆ ಕಾಯಿಲೆ ಅಂತ ತಿಳಿಯಿತು. ನಿಮ್ಮಲ್ಲಿ ಶಾಪ ಅಂದುಕೊಂಡಿದ್ದು ವಿಷ ಆಯಿತು. ನಮ್ಮಲ್ಲಿ ವಿಷ ಅಂದುಕೊಂಡಿದ್ದು ಹುಟ್ಟಿನಲ್ಲೇ ಇತ್ತು.

ಇಲ್ಲಿ ಹೆಲಿಕಾಪ್ಟರ್ ಇಲ್ಲ, ನಿಗಮ ಇಲ್ಲ, ಯಾರ ಸಹಿಯೂ ಇಲ್ಲ. ಕೋರ್ಟಿಗೆ ಹೋಗಿ ಯಾರ ಮೇಲೆ ಕೇಸು ಹಾಕುವುದು? ಅಪ್ಪನೋ ಅಮ್ಮನೋ ಮಗುವಿಗೆ ಕೊಟ್ಟಿದ್ದು ತಮ್ಮ ಮೈಯಲ್ಲಿ ಇದ್ದದ್ದನ್ನು. ದೇವರನ್ನು ಬಿಟ್ಟು ಇಲ್ಲಿ ಬೇರೆ ಯಾರನ್ನು ಕೇಳೋಣ?

ಮೇಷ್ಟ್ರಿಗೆ ಒಂದು ಮಾತು. ಆ ಕೇರಿಗೆ ಹೋಗಿ ಹಿಂದಿನ ಜನ್ಮದ ಫಲ ಅಂತ ಯಾರಾದರೂ ಹೇಳಿದರೆ ಅದು ವೇದಾಂತ ಆಗುವುದಿಲ್ಲ. ಅವರಿಗೆ ಸಾವಿರ ವರ್ಷದಿಂದ ಬೇರೆ ಬೇರೆ ನೆಪದಲ್ಲಿ ಹೇಳಿಕೊಂಡು ಬಂದದ್ದೂ ಇದನ್ನೇ.

ಎಡವಟ್ಟು

ಇದೇ ಜಗಳ ಗಾಂಧೀಜಿ ಮತ್ತು ರವೀಂದ್ರನಾಥ ಠಾಕೂರರ ನಡುವೆ ಆಗಿದೆ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಗಾಂಧೀಜಿ ಆಗ ಅಸ್ಪೃಶ್ಯತೆ ವಿರುದ್ಧ ದಕ್ಷಿಣದಲ್ಲಿ ಪ್ರವಾಸ ಮಾಡುತ್ತಿದ್ದರು, ಮುಂದಿನ ತಿಂಗಳು ಕೊಡಗು, ಮಂಗಳೂರಿಗೂ ಬಂದರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆ ಈ ಭೂಕಂಪ ಅಂತ ಅವರು ಹೇಳಿಬಿಟ್ಟರು. ಠಾಕೂರರಿಗೆ ತಡೆಯಲಾಗಲಿಲ್ಲ. ಭೂಕಂಪಕ್ಕೆ ಭೂಮಿಯೊಳಗಿನ ಕಾರಣ ಇರುತ್ತದೆ, ಇಂಥ ವಾದ ನಿಮಗಿಂತ ನಿಮ್ಮ ವಿರೋಧಿಗಳಿಗೇ ಚೆನ್ನಾಗಿ ಒಗ್ಗುತ್ತದೆ ಅಂತ ಬರೆದರು. ಗಾಂಧೀಜಿ ಅದನ್ನು ತಮ್ಮ ಪತ್ರಿಕೆಯಲ್ಲೇ ಹಾಕಿ ಉತ್ತರ ಕೊಟ್ಟರು, ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಠಾಕೂರರು ಹೇಳಿದ ಹಾಗೇ ಇತ್ತು. ಗುಡಿಯೊಳಗೆ ಎಲ್ಲರನ್ನೂ ಬಿಡಿ ಅಂದದ್ದಕ್ಕೇ ಭೂಮಿ ನಡುಗಿತು ಅಂತ ಸನಾತನಿಗಳೂ ಹೇಳಬಹುದಿತ್ತು.

ಕುಂದಾಪ್ರದ ನರ್ಸ್

ಗಾಂಧೀಜಿ "ನಮ್ಮ ಪಾಪ" ಅಂದಿದ್ದರು. ನಿಮ್ಮ ಪಾಪ ಅನ್ನಲಿಲ್ಲ. ಅಷ್ಟು ಮಟ್ಟಿಗೆ ನಾನು ಅವರ ಪರ. ಆದರೆ ಮನೆ ಕುಸಿದು ಸತ್ತವರು ಬೇರೆಯವರು, ನಮ್ಮ ಅಂದವರು ಬೇರೆಯವರು.

ಜೆಪ್ಪು ಹುಡುಗ

ನಮ್ಮಲ್ಲೂ ಇಂಥದ್ದೇ ಆಗಿದೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ನಿನ ಇಗರ್ಜಿಗಳು ಬೆಳಗ್ಗೆಯೇ ತುಂಬಿದ್ದವು. ಭೂಮಿ ನಡುಗಿ ಛಾವಣಿ ಜನರ ಮೇಲೆ ಬಿತ್ತು. ಹಚ್ಚಿಟ್ಟ ಮೇಣದಬತ್ತಿಗಳಿಂದ ಬೆಂಕಿ, ಓಡಿ ನದಿ ದಡಕ್ಕೆ ಹೋದವರ ಮೇಲೆ ಸಮುದ್ರದ ಅಲೆ. ದೇವರ ಮನೆಯಲ್ಲಿ ಇದ್ದವರೇ ಸತ್ತರು. ಇದಕ್ಕಿಂತ ಒಳ್ಳೆಯ ಲೋಕ ಸಾಧ್ಯವೇ ಇರಲಿಲ್ಲ ಅಂತ ತತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ವಾದಿಸಿದ್ದ. ವೋಲ್ಟೇರ್ ಈ ಭೂಕಂಪ ಹಿಡಿದುಕೊಂಡು ಆ ವಾದವನ್ನು ಗೇಲಿ ಮಾಡಿದ. ರೂಸೋ ಅವನಿಗೆ ಕಾಗದ ಬರೆದು, ಆರೇಳು ಅಂತಸ್ತಿನ ಮನೆಗಳನ್ನು ಅಲ್ಲಿ ಸಾವಿರಗಟ್ಟಲೆ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಅಂದ. ಪಡ್ರೆಯವರ ವಾದ ಇದರ ಹತ್ತಿರ ಬರುತ್ತದೆ.

ನನಗೆ ಇವರೆಲ್ಲರಿಗಿಂತ ಬೈಬಲಿನ ಯೋಬ ಹತ್ತಿರ. ಮಕ್ಕಳು ಸತ್ತರು, ಆಸ್ತಿ ಹೋಯಿತು, ಮೈಯೆಲ್ಲ ಹುಣ್ಣು. ಗೆಳೆಯರು ಬಂದು ನೀನು ಏನೋ ಪಾಪ ಮಾಡಿರಬೇಕು, ಒಪ್ಪಿಕೋ ಅನ್ನುತ್ತಾರೆ. ನಿಮ್ಮಲ್ಲಿ ಪ್ರಶ್ನೆ ಇಡುವವರ ಹಾಗೆಯೇ. ಯೋಬ ಒಪ್ಪುವುದಿಲ್ಲ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಕೊನೆಗೆ ದೇವರು ಬಂದು ಆ ಗೆಳೆಯರಿಗೆ ಹೇಳುವುದೇನು? ನನ್ನ ಸೇವಕ ಯೋಬ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಅಂತ. ದೇವರ ಪರವಾಗಿ ವಾದ ಮಾಡಿದವರಿಗೇ ಬೈಗುಳ!

ಯಾಕೆ ಕಷ್ಟ ಕೊಟ್ಟೆ ಅನ್ನುವುದಕ್ಕೆ ಮಾತ್ರ ಆ ಪುಸ್ತಕದಲ್ಲೂ ದೇವರು ಉತ್ತರ ಕೊಡುವುದಿಲ್ಲ. ಕಾಡುಕತ್ತೆ, ಉಷ್ಟ್ರಪಕ್ಷಿ, ಮೊಸಳೆಯಂಥ ಪ್ರಾಣಿ ಅಂತ ಏನೇನೋ ತೋರಿಸುತ್ತಾನೆ. ಅದು ಉತ್ತರವೋ, ಉತ್ತರ ತಪ್ಪಿಸುವ ದಾರಿಯೋ ಅಂತ ನಮ್ಮ ಪಾದ್ರಿಯವರನ್ನು ಕೇಳಿದ್ದೆ. ನಕ್ಕು ಚಹಾ ಕೊಟ್ಟರು.

ಬಸದಿ ಬೀದಿ

ಮೂಡುಬಿದಿರೆಯಿಂದ ನಮ್ಮದೂ ಒಂದು. ನಮ್ಮ ಜೈನರಲ್ಲಿ ಲೋಕ ಮಾಡಿದ ದೇವರು ಅಂತಲೇ ಇಲ್ಲ. ಲೋಕ ಯಾವಾಗಲೂ ಇತ್ತು, ಇರುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲೇ ಈ ಪ್ರಶ್ನೆಯನ್ನು ಅರೆದು ನೋಡಿದ್ದಾರೆ. ಲೋಕ ಮಾಡುವ ಮೊದಲು ಅವನು ಎಲ್ಲಿದ್ದ? ಎಲ್ಲವೂ ಇದ್ದವನಿಗೆ ಮಾಡಬೇಕು ಅಂತ ಯಾಕೆ ಅನಿಸಿತು? ಜೀವಿಗಳ ಮೇಲಿನ ಪ್ರೀತಿಯಿಂದ ಮಾಡಿದ ಅಂದರೆ ಎಲ್ಲರನ್ನೂ ಸುಖವಾಗಿಯೇ ಯಾಕೆ ಇಡಲಿಲ್ಲ? ಕೊನೆಯ ಪ್ರಶ್ನೆ ಈ ಚರ್ಚೆಯದ್ದೇ ಅಲ್ವಾ?

ಹಾಗಾಗಿ ನಮ್ಮಲ್ಲಿ ದೇವರ ಮೇಲೆ ದೂರು ಕೊಡಲು ಕೌಂಟರೇ ಇಲ್ಲ. ಕರ್ಮ ಇದೆ. ಆದರೆ ಅದು ಜೀವಕ್ಕೆ ಅಂಟುವ ದ್ರವ್ಯ, ಯಾರೋ ಕೂತು ಕೊಡುವ ತೀರ್ಪಲ್ಲ.

ಸಾಗರ ಸೀಮೆ

ತೀರ್ಪು ಕೊಡುವವನಿಲ್ಲ, ಶಿಕ್ಷೆ ಮಾತ್ರ ಇದೆ. ತೆವಳುವವನಿಗೆ ಇದರಿಂದ ಏನು ವ್ಯತ್ಯಾಸ ಆಯಿತು?

ಬಸದಿ ಬೀದಿ

ಒಂದು ವ್ಯತ್ಯಾಸ ಇದೆ. ಅವನ ನೋವು ಯಾರದೋ ಇಚ್ಛೆ ಅಂತ ಸುಮ್ಮನಿರುವ ಹಾಗಿಲ್ಲ. ಔಷಧ ಕೊಡುವುದು ನಮ್ಮಲ್ಲಿ ನಾಲ್ಕು ದಾನಗಳಲ್ಲಿ ಒಂದು. ನಿಮ್ಮ ಪ್ರಶ್ನೆಗೆ ಇದು ಪೂರ್ತಿ ಉತ್ತರ ಆಗಲಿಲ್ಲ, ಗೊತ್ತು.

ಉಳ್ಳಾಲದ ಬ್ಯಾರಿ

ಕಷ್ಟ ಅಂದರೆ ಪರೀಕ್ಷೆ ಅಂತ ನಮ್ಮಲ್ಲಿ ಹೇಳುತ್ತಾರೆ. ಭಯ, ಹಸಿವು, ಆಸ್ತಿ ನಷ್ಟ, ಜೀವ ನಷ್ಟ, ಬೆಳೆ ನಷ್ಟ, ಇವುಗಳಿಂದ ಪರೀಕ್ಷೆ ಮಾಡುತ್ತೇವೆ ಅಂತ ಕುರ್‌ಆನ್‌ನಲ್ಲೇ ಇದೆ. ನನಗೆ ವ್ಯಾಪಾರದಲ್ಲಿ ಪೆಟ್ಟು ಬಿದ್ದಾಗ ಈ ಮಾತು ಎತ್ತಿ ನಿಲ್ಲಿಸಿದೆ. ಆದರೆ ಗೇರುಗುಡ್ಡೆಯವರ ಅಣ್ಣನ ವಿಷಯಕ್ಕೆ ಬಂದರೆ ತೊಡಕಾಗುತ್ತದೆ. ಪರೀಕ್ಷೆ ತಾಯಿಗೆ ಅಂತಾದರೆ ಮಗು ಏನು, ಪ್ರಶ್ನೆಪತ್ರಿಕೆಯಾ?

ಇದನ್ನು ನಮ್ಮ ಹಿಂದಿನವರೂ ಯೋಚಿಸದೇ ಬಿಟ್ಟಿಲ್ಲ. ಬಸ್ರಾದ ಅಲ್ ಅಶ್ಅರಿ ತನ್ನ ಗುರು ಅಲ್ ಜುಬ್ಬಾಯಿಗೆ ಒಂದು ಪ್ರಶ್ನೆ ಹಾಕಿದ ಕತೆ ಇದೆ. ಗುರು ಹೇಳುತ್ತಿದ್ದದ್ದು, ದೇವರು ಪ್ರತಿಯೊಬ್ಬರಿಗೂ ಒಳ್ಳೆಯದನ್ನೇ ಮಾಡುತ್ತಾನೆ ಅಂತ. ಶಿಷ್ಯ ಮೂವರು ಸಹೋದರರ ವಿಷಯ ಎತ್ತಿದ. ಒಬ್ಬ ಧರ್ಮವಂತನಾಗಿ ಬಾಳಿ ಸ್ವರ್ಗಕ್ಕೆ ಹೋದ. ಒಬ್ಬ ಕೆಟ್ಟು ನರಕಕ್ಕೆ ಹೋದ. ಒಬ್ಬ ಮಗುವಾಗಿದ್ದಾಗಲೇ ಸತ್ತ. ಆ ಮಗು, ನನಗೂ ಬದುಕಲು ಬಿಟ್ಟಿದ್ದರೆ ಪುಣ್ಯ ಮಾಡಿ ಅಣ್ಣನಷ್ಟು ಎತ್ತರಕ್ಕೆ ಹೋಗುತ್ತಿದ್ದೆನಲ್ಲ ಅಂತ ಕೇಳುತ್ತದೆ. ನೀನು ದೊಡ್ಡವನಾಗಿ ಕೆಡುತ್ತಿದ್ದೆ, ಅದಕ್ಕೇ ಬೇಗ ಕರೆದೆ ಅಂತ ದೇವರು ಹೇಳುತ್ತಾನೆ. ಆಗ ನರಕದಲ್ಲಿದ್ದವನು ಕೂಗುತ್ತಾನೆ: ಹಾಗಾದರೆ ನನ್ನನ್ನೂ ಯಾಕೆ ಚಿಕ್ಕವನಿದ್ದಾಗಲೇ ಕರೆಯಲಿಲ್ಲ? ಗುರುವಿನ ಬಳಿ ಇದಕ್ಕೆ ಮಾತಿರಲಿಲ್ಲವಂತೆ. ಶಿಷ್ಯ ಆ ಪಂಥ ಬಿಟ್ಟು ಬೇರೆ ದಾರಿ ಹಿಡಿದ. ದೇವರ ಕೆಲಸವನ್ನು ನಮ್ಮ ನ್ಯಾಯದ ತಕ್ಕಡಿಯಲ್ಲಿ ತೂಗಲಾಗದು ಅಂದುಬಿಟ್ಟ.

ನಾನೂ ಸದ್ಯಕ್ಕೆ ಅಲ್ಲೇ ಇದ್ದೇನೆ. ಮನಸ್ಸು ಮಾತ್ರ ಆಗಾಗ ತೂಗಲು ಹೋಗುತ್ತದೆ.

ಪೀಣ್ಯ ಇಂಜಿನಿಯರ್

ವಿಜ್ಞಾನದ ಕಡೆಯಿಂದ ಎರಡು ಮಾತು. ವಂಶವಾಹಿ ನಕಲಾಗುವಾಗ ಆಗುವ ಬದಲಾವಣೆಯೇ ಹಂದಿಗೋಡಿನಂಥ ಕಾಯಿಲೆಗೂ ಕಾರಣ. ಆ ಬದಲಾವಣೆಯೇ ಇರದಿದ್ದರೆ ಮನುಷ್ಯರೂ ಇರುತ್ತಿರಲಿಲ್ಲ, ಇವತ್ತಿಗೂ ಒಂದೇ ಜೀವಕೋಶದ ಜೀವಿಗಳಷ್ಟೇ. ಭೂಮಿಯ ಫಲಕಗಳು ಸರಿಯುವುದರಿಂದ ಬಿಹಾರದ ಭೂಕಂಪ. ಅದೇ ಸರಿಯುವಿಕೆಯಿಂದ ಹಿಮಾಲಯ, ಗಂಗೆ, ಬಯಲಿನ ಮೆಕ್ಕಲು ಮಣ್ಣು. ನಿಯಮಕ್ಕೆ ಒಳಪಟ್ಟ ಲೋಕ ಬೇಕು ಅಂದರೆ ಇದೂ ಜೊತೆಗೆ ಬರುತ್ತದೆ. ದೇವರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಸಾಗರ ಸೀಮೆ

ಹಿಮಾಲಯ, ಗಂಗೆ ಎಲ್ಲರಿಗೂ. ಮೂಳೆ ಕಾಯಿಲೆ ಅವರಿಗೆ ಮಾತ್ರ. ಲಾಭ ಪಡೆಯುವವರು ಎಲ್ಲರೂ, ಬೆಲೆ ತೆರುವವರು ಕೆಲವರೇ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡದವರು ಉಣ್ಣುತ್ತಿದ್ದಾರೆ. ದೇವರು ಸರ್ವಶಕ್ತ ಅಂದಮೇಲೆ ಕಾಯಿಲೆ ಬಿಟ್ಟು ವಿಕಾಸ ಮಾತ್ರ ಇಟ್ಟುಕೊಳ್ಳಲು ಅವನಿಗೆ ಏನು ಕಷ್ಟ?

ದೋಹಾ ಕನ್ನಡಿಗ

ದೇವರು ಸ್ವಾತಂತ್ರ್ಯ ಕೊಟ್ಟಿದ್ದಾನೆ, ಕೆಟ್ಟದ್ದು ಮನುಷ್ಯ ಮಾಡಿಕೊಂಡದ್ದು. ಇಷ್ಟು ಸಿಂಪಲ್.

ಸಾಗರ ಸೀಮೆ

ಮೇಲೆ ಓದಿಕೊಂಡು ಬನ್ನಿ ಅಣ್ಣ.

ನಿರ್ವಾಹಕ

ಇಲ್ಲಿಯವರೆಗೆ ಚೆನ್ನಾಗಿ ನಡೆದಿದೆ. ಯಾವ ಧರ್ಮ ದೊಡ್ಡದು ಎಂಬ ಕಡೆಗೆ ಹೊರಟ ಎರಡು ಬರಹ ತೆಗೆದಿದ್ದೇನೆ.

ಉಡುಪಿ ಮೇಷ್ಟ್ರು

ಎಲ್ಲವನ್ನೂ ಓದಿದೆ. ನರ್ಸಮ್ಮ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಸೂತ್ರ ಇರುವುದು ದೇವರ ಮೇಲೆ ಬಂದ ದೂರಿಗೆ ಸಮಾಧಾನ ಹೇಳುವ ಜಾಗದಲ್ಲಿ. ಪಕ್ಕದ ಮನೆಯವನ ಜಾತಕ ಹೇಳುವ ಜಾಗದಲ್ಲಲ್ಲ. ಯಾರ ಯಾವ ಕರ್ಮಕ್ಕೆ ಯಾವ ಫಲ ಅಂತ ಬಿಡಿಸಿ ಹೇಳುವ ಅಧಿಕಾರ ಅದು ಯಾರಿಗೂ ಕೊಟ್ಟಿಲ್ಲ. ಸಾಗರದವರ ಸಿಟ್ಟು ನ್ಯಾಯವಾದದ್ದು, ಆ ಸಿಟ್ಟು ಸೂತ್ರದ ಮೇಲಲ್ಲ, ಅದನ್ನು ಹಿಡಿದುಕೊಂಡು ಓಡಾಡಿದವರ ಮೇಲೆ ಇರಬೇಕು. ಸೂತ್ರವನ್ನು ಮಾತ್ರ ನಾನು ಬಿಡುವುದಿಲ್ಲ. ಬಿಟ್ಟರೆ ದೇವರು ಕಾರಣವೇ ಇಲ್ಲದೆ ಹೊಡೆಯುವವನು ಆಗುತ್ತಾನೆ. ನನಗೆ ಅದು ಇನ್ನೂ ಭಯ.

ಗೇರುಗುಡ್ಡೆಯವರೇ, ನಿಮ್ಮ ದೊಡ್ಡಮ್ಮ ದೇವರನ್ನು ಬೈಯುತ್ತಾರೆ ಅಂದಿರಿ. ಬೈಯಲಿ. ದಾಸರು ನಿಂದಾಸ್ತುತಿ ಅಂತಲೇ ಹಾಡಿದ್ದಾರೆ. ಬೈಯಿಸಿಕೊಳ್ಳುವುದು ಅವನಿಗೆ ಹೊಸದಲ್ಲ.

ಸಾಗರ ಸೀಮೆ

ಮೇಷ್ಟ್ರೇ, ಸೂತ್ರ ಬೇರೆ, ಹಿಡಿದವರು ಬೇರೆ ಅಂತ ಅಷ್ಟು ಸುಲಭವಾಗಿ ಬಿಡಿಸಲಾಗುವುದಿಲ್ಲ. ಅದು ಆ ಕೈಗೆ ಅಷ್ಟು ಚೆನ್ನಾಗಿ ಯಾಕೆ ಕೂರುತ್ತದೆ ಅಂತಲೂ ಕೇಳಬೇಕು. ಆದರೂ ಹೀಗೆ ಮಾತಾಡುವವರು ಸಿಗುವುದು ಕಡಿಮೆ. ಒಮ್ಮೆ ನಮ್ಮ ಕಡೆ ಬನ್ನಿ.

ಉಳ್ಳಾಲದ ಬ್ಯಾರಿ

ಬೈಯುವುದು ನಮ್ಮಲ್ಲಿ ಕಷ್ಟ. ಆದರೆ ಮಗನನ್ನು ಕಳೆದುಕೊಂಡ ಯಾಕೂಬ್ ನೆಬಿ, ನನ್ನ ದುಃಖವನ್ನು ನಾನು ಅಲ್ಲಾಹನಲ್ಲೇ ದೂರುತ್ತೇನೆ ಅಂದಿದ್ದಾರೆ. ಅತ್ತು ಅತ್ತು ಕಣ್ಣೇ ಹೋಯಿತು. ಹಾಗೆ ಅತ್ತದ್ದು ಸಹನೆ ಇಲ್ಲದ್ದು ಅಂತ ಯಾರೂ ಹೇಳುವುದಿಲ್ಲ.

ಎಡವಟ್ಟು

ನೀವೆಲ್ಲ ದೇವರನ್ನು ಬೈಯಿರಿ. ನಾನು ಸರ್ಕಾರವನ್ನು ಬೈಯುತ್ತೇನೆ, ಅದು ಇರುವುದಂತೂ ಖಾತ್ರಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳಕ್ಕೆ ಒಬ್ಬೊಬ್ಬ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಅಂತ ಹೇಳಿತು. ಆಮೇಲೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದಲ್ಲಿ ಧರಣಿ ಕೂರಬೇಕಾಯಿತು. ಇದು ಯಾವ ದೇವರ ಪರೀಕ್ಷೆ?

ಕುಂದಾಪ್ರದ ನರ್ಸ್

ಗೇರುಗುಡ್ಡೆಯವರೇ, ಮೇಲಿನದ್ದೆಲ್ಲ ಇರಲಿ. ನಾನು ಹೋಗುವ ಮನೆಗಳಲ್ಲಿ ತಾಯಂದಿರು ದೇವರ ಬಗ್ಗೆ ಒಂದು ಸಲ ಕೇಳಿದರೆ, "ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ" ಅಂತ ಹತ್ತು ಸಲ ಕೇಳುತ್ತಾರೆ. ನಿಮ್ಮ ಅಣ್ಣನಿಗೆ ಕಾನೂನು ಪ್ರಕಾರ ಪೋಷಕರನ್ನು ಮಾಡಿಸಿದ್ದೀರಾ? 18 ತುಂಬಿದ ಮೇಲೆ ಅಮ್ಮ ಅಂತ ಆದ ಮಾತ್ರಕ್ಕೆ ಬ್ಯಾಂಕಿನವರು, ಕಚೇರಿಯವರು ಒಪ್ಪುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಜಿಲ್ಲಾಧಿಕಾರಿ ಅದರಲ್ಲಿ ಇರುತ್ತಾರೆ. ನಿಮ್ಮ ಹೆಸರಿನಲ್ಲಿ ಆದರೆ ದೊಡ್ಡಮ್ಮನಿಗೆ ಒಂದು ಚಿಂತೆ ಕಡಿಮೆ.

ಗೇರುಗುಡ್ಡೆ

ಇದು ಗೊತ್ತೇ ಇರಲಿಲ್ಲ. ಪಿಂಚಣಿ ಬರುತ್ತದೆ, ಅಷ್ಟೇ. ಏನೇನು ಕಾಗದ ಬೇಕಾಗುತ್ತದೆ ಅಕ್ಕ?

ಕುಂದಾಪ್ರದ ನರ್ಸ್

ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಅವನ ವಯಸ್ಸಿನ ದಾಖಲೆ, ನಿಮ್ಮ ಆಧಾರ್. ದೊಡ್ಡಮ್ಮನ ಒಪ್ಪಿಗೆ ಬರಹದಲ್ಲಿ ಇರಲಿ. ಉಳಿದದ್ದನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹೇಳುತ್ತಾರೆ. ಹೋಗುವ ಮೊದಲು ಫೋನ್ ಮಾಡಿ ಹೋಗಿ, ಸುಮ್ನೆ ಓಡಾಟ ಬೇಡ. ಪಡ್ರೆಯವರೇ, ನಿಮ್ಮ ಕಡೆ ಇದನ್ನು ಮಾಡಿಸಿದವರು ಯಾರಾದರೂ ಇದ್ದರೆ ಇಲ್ಲಿ ಬರೆಯಿರಿ.